ಎಡಗಡೆ ಸೀಟು ಬಿಟ್ಟ ಲೆಕ್ಕ

2020ರ ಆಗಸ್ಟ್. ಸಂಬಳ ಅರ್ಧ ಆಗಿ ನಾಲ್ಕು ತಿಂಗಳಾಗಿತ್ತು. ತಿಂಗಳಿಗೆ ಎರಡೋ ಮೂರೋ ಹಾರಾಟ, ಉಳಿದ ದಿನ ಊರಲ್ಲೇ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಕಂಬಕ್ಕೆ ಒರಗಿ ನಿಂತು ಕಂಪನಿಯ ಮೇಲ್ ಓದಿದೆ. 55 ದಾಟಿದ ಕಮಾಂಡರ್‌ಗಳಿಗೆ, ಅಂದರೆ ವಿಮಾನದ ಹೊಣೆ ಹೊತ್ತು ಎಡಗಡೆ ಸೀಟಿನಲ್ಲಿ ಕೂರುವ ನನ್ನಂಥ ಪೈಲಟ್‌ಗಳಿಗೆ, ಸ್ವಯಂ ನಿವೃತ್ತಿ. ಬೇಕಾದವರು 21 ದಿನದೊಳಗೆ ತಿಳಿಸಬೇಕು. ನನಗೆ ಆಗ 56 ವರ್ಷ 6 ತಿಂಗಳು. ಕಾನೂನಿನ ಪ್ರಕಾರ 65ರ ತನಕ ಹಾರಬಹುದು.

ಮಾರ್ಚ್ 25ಕ್ಕೆ ದೇಶದೊಳಗಿನ ವಿಮಾನಗಳೆಲ್ಲ ನಿಂತು, ಮೇ 25ಕ್ಕೆ ಒಂದೊಂದಾಗಿ ಶುರುವಾಗಿದ್ದವು ಅನ್ನುವುದು ನೆನಪಿರಬಹುದು. ನಮ್ಮ ಕಸುಬಿನಲ್ಲಿ ಮನೆಯಲ್ಲಿ ಕೂತರೆ ಕೈ ತುಕ್ಕು ಹಿಡಿಯುತ್ತದೆ ಅನ್ನುವುದು ಬರೀ ಮಾತಲ್ಲ, ನಿಯಮವೇ ಇದೆ. 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ಆಗದಿದ್ದರೆ ಸಿಮ್ಯುಲೇಟರ್‌ಗೆ, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ಗೆ, ಹೋಗಿ ಮಾಡಿ ತೋರಿಸಬೇಕು. ಆ ವರ್ಷ ನಮ್ಮಲ್ಲಿ ಎಷ್ಟೋ ಜನ ಹಾಗೇ ಮಾಡಿದರು.

ವಾಟ್ಸಾಪ್ ಗ್ರೂಪಿನಲ್ಲಿ ಅವತ್ತು ರಾತ್ರಿಯೇ ಜಗಳ ಹತ್ತಿಕೊಂಡಿತು. ಈಗ ತಗೊಳ್ಳದಿದ್ದರೆ ನಾಳೆ ಇದೂ ಸಿಗಲ್ಲ, ಬರಿಗೈಲಿ ಕಳಿಸುತ್ತಾರೆ ಅಂತ ಕೆಲವರು. ಕಂಪನಿ ತಾನಾಗಿ ದುಡ್ಡು ಕೊಡುತ್ತದೆ ಅಂದರೆ ಅದರಲ್ಲಿ ಲಾಭ ಯಾರಿಗೆ ಅಂತ ಯೋಚನೆ ಮಾಡ್ರಪ್ಪ ಅಂತ ಇನ್ನು ಕೆಲವರು. ಅಮೆರಿಕದ ಡೆಲ್ಟಾದಲ್ಲಿ ಸುಮಾರು 1,800 ಪೈಲಟ್‌ಗಳು ಬೇಗ ನಿವೃತ್ತಿಗೆ ಒಪ್ಪಿದ್ದಾರೆ ಅನ್ನುವ ಸುದ್ದಿಯನ್ನು ಒಬ್ಬ ಹಾಕಿದ. ಅದನ್ನು ನೋಡಿ ನಮ್ಮವರಲ್ಲಿ ನಾಲ್ಕೈದು ಜನ ಮನಸ್ಸು ಮಾಡಿಬಿಟ್ಟರು. ನನಗೆ ಇದು ಸರಿ ಅನ್ನಿಸಲಿಲ್ಲ. ಅಲ್ಲಿ ಪೈಲಟ್‌ಗಳ ಯೂನಿಯನ್ ಗಟ್ಟಿ ಇದೆ. ವಿಮಾನ ಕಂಪನಿಗಳ ಸಂಬಳಕ್ಕೆ ಅಂತಲೇ ಅಲ್ಲಿನ ಸರ್ಕಾರ ದುಡ್ಡು ಕೊಟ್ಟಿತ್ತು. ಅವರ ಊಟದ ಲೆಕ್ಕ ನೋಡಿ ನಾವು ಕೈ ತೊಳೆಯುವುದಾ?

ನಾನು ಅಪ್ಪಯ್ಯನ ಹಳೇ ಅಡಿಕೆ ಲೆಕ್ಕದ ಪುಸ್ತಕ ತೆಗೆದೆ. ಹಿಂದಿನ ಪುಟಗಳು ಖಾಲಿ ಇದ್ದವು. ಮೊದಲ ದಿನ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಎಂಟೂವರೆ ವರ್ಷಕ್ಕೆ ಕೊರೊನಾಕ್ಕೆ ಮುಂಚಿನ ಪೂರ್ತಿ ಸಂಬಳ ಗುಣಿಸಿ, ಪಕ್ಕದಲ್ಲಿ ಕಂಪನಿ ಕೊಡುವ ಮೊತ್ತ ಬರೆದೆ. ಆನೆ ಮುಂದೆ ಇಲಿ. ಸೇವೆಯ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಅಂದಿದ್ದರು, ಆದರೆ ಅದು ಬರೀ ಮೂಲ ವೇತನ. ಪೈಲಟ್ ಸಂಬಳದಲ್ಲಿ ದೊಡ್ಡ ಪಾಲು ಹಾರಿದ ಗಂಟೆಗಳ ಭತ್ಯೆ. ಅದು ಲೆಕ್ಕಕ್ಕೇ ಇಲ್ಲ. ಬೇಡ ಅಂತ ಬರೆದು ಪುಸ್ತಕ ಮುಚ್ಚಿಟ್ಟೆ.

ನನ್ನ ಹೆಂಡತಿ ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದವಳು. ರಾತ್ರಿ ಊಟ ಆದ ಮೇಲೆ ಪುಸ್ತಕ ನೋಡಿ ಒಂದೇ ಪ್ರಶ್ನೆ ಕೇಳಿದಳು. "65ರ ತನಕ ಹಾರ್ತೀನಿ ಅಂತ ಬರ್ದಿದೀರಲ್ಲ, ಹಾರೋಕೆ ಬಿಡ್ತಾರೆ ಅಂತ ಯಾರು ಹೇಳಿದ್ರು?"

ಎಣಿಸಿದೆ. ಸಿಮ್ಯುಲೇಟರ್ ಚೆಕ್ ಆರು ತಿಂಗಳಿಗೊಮ್ಮೆ. ಎಂಟೂವರೆ ವರ್ಷಕ್ಕೆ 17 ಸಲ. 60 ದಾಟಿದ ಮೇಲೆ ಮೆಡಿಕಲ್ ಕೂಡ ಆರು ತಿಂಗಳಿಗೊಮ್ಮೆ, ಅದು 10 ಸಲ, ಅದಕ್ಕೆ ಮುಂಚಿನವು ಬೇರೆ. ಯಾವುದಾದರೂ ಒಂದರಲ್ಲಿ ಎಡವಿದರೂ ಅವತ್ತೇ ಹಾರಾಟ ಬಂದ್. ನನಗೆ ಬಿಪಿ ಮಾತ್ರೆ ಶುರುವಾಗಿ ಎರಡು ವರ್ಷ ಆಗಿತ್ತು. ಶುರುವಾದಾಗಲೇ ಮೂರು ತಿಂಗಳು 'ತಾತ್ಕಾಲಿಕ ಅನ್‌ಫಿಟ್' ಆಗಿ ಮನೆಯಲ್ಲಿ ಕೂತಿದ್ದೆ. ನನ್ನ ಜೊತೆ ತರಬೇತಿ ಮುಗಿಸಿದವನೊಬ್ಬ 54ಕ್ಕೇ ಹೃದಯದ ತೊಂದರೆಯಿಂದ ಲೈಸೆನ್ಸ್ ಕಳೆದುಕೊಂಡಿದ್ದ.

ಮರುದಿನ ಹೊಸ ಪುಟದಲ್ಲಿ ಮೂರು ಗೀಟು ಹಾಕಿದೆ. 58ಕ್ಕೆ ನಿಂತರೆ, 61ಕ್ಕೆ ನಿಂತರೆ, 65ರ ತನಕ ನಡೆದರೆ. ಸಂಬಳವನ್ನು ಎರಡು ವರ್ಷ ಅರ್ಧ, ಆಮೇಲೆ ಮುಕ್ಕಾಲು ಅಂತ ಹಿಡಿದೆ. 58ರ ಸಾಲಿನಲ್ಲಿ ಕಂಪನಿಯ ಕೊಡುಗೆ ಗೆದ್ದಿತು. 65ರ ಸಾಲಿನಲ್ಲಿ ಹೀನಾಯವಾಗಿ ಸೋತಿತು. 61ರಲ್ಲೂ ಸೋತಿತು, ಆದರೆ ನನ್ನನ್ನು ಕಟ್ಟಿಹಾಕುವಷ್ಟು ಅಂತರ ಇರಲಿಲ್ಲ. ಆಗ ಇನ್ನೊಂದು ಪುಟದಲ್ಲಿ ಮನೆಗೆ ತಿಂಗಳಿಗೆ ನಿಜವಾಗಿ ಎಷ್ಟು ಬೇಕು ಅಂತ ಬರೆದೆವು. ಮಗಳ ಓದು ಮುಗಿದಿತ್ತು, ಸಾಲ ಇರಲಿಲ್ಲ. ಇಷ್ಟು ವರ್ಷ ನಾವು ಬದುಕಿದ್ದಕ್ಕಿಂತ ಬಹಳ ಕಮ್ಮಿಯಲ್ಲಿ ಬದುಕಬಹುದಿತ್ತು ಅಂತ ಅವತ್ತೇ ಗೊತ್ತಾಗಿದ್ದು. ಮನಸ್ಸು ವಾಲಿದ್ದು ಆ ಪುಟದಿಂದ.

"ತೋಟ ಇದೆಯಲ್ಲ, ನಿನಗೇನು" ಅಂತ ಗ್ರೂಪಿನಲ್ಲಿ ಎಲ್ಲರೂ ಅಂದರು. ಎರಡು ಎಕರೆ ಅಡಿಕೆ ತೋಟ ಇದೆ, ನಿಜ. ಆದರೆ ಲೆಕ್ಕದಲ್ಲಿ ತೋಟದ ಆದಾಯವನ್ನು ಸೊನ್ನೆ ಅಂತಲೇ ಬರೆದೆ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಆಷಾಢದಲ್ಲಿ ಕೊಳೆರೋಗ ಬಂದರೆ ವರ್ಷದ ಫಸಲು ಮರದ ಬುಡದಲ್ಲಿ. ಆಮೇಲೆ ಎಲೆಚುಕ್ಕಿ ರೋಗ ಬಂದಾಗ ಆ ಸೊನ್ನೆ ಬರೆದದ್ದು ಎಷ್ಟು ಒಳ್ಳೆಯದಾಯಿತು ಅಂತ ಗೊತ್ತಾಯಿತು.

ಶಿವಮೊಗ್ಗಕ್ಕೆ ಹೋಗಿ ದುರ್ಗಿಗುಡಿಯಲ್ಲಿ ಪರಿಚಯದ ಆಡಿಟರ್ ಹತ್ತಿರ ಕೂತೆ. ಸ್ವಯಂ ನಿವೃತ್ತಿ ಹಣದಲ್ಲಿ 5 ಲಕ್ಷಕ್ಕೆ ಮಾತ್ರ ತೆರಿಗೆ ಇಲ್ಲ, ಅದೂ ಜೀವನದಲ್ಲಿ ಒಂದೇ ಸಲ. ಗ್ರಾಚ್ಯುಟಿಗೆ 20 ಲಕ್ಷದ ತನಕ ವಿನಾಯಿತಿ. ರಜೆ ನಗದೀಕರಣಕ್ಕೆ ಖಾಸಗಿಯವರಿಗೆ ಆಗ ಇದ್ದದ್ದು ಬರೀ 3 ಲಕ್ಷ. (2023ರಲ್ಲಿ ಅದನ್ನು 25 ಲಕ್ಷ ಮಾಡಿದರು. ಅವತ್ತು ಪೇಪರ್ ಮಡಚಿಟ್ಟು ತೋಟಕ್ಕೆ ಹೋದೆ.) ಕೈಗೆ ಬರುವ ಮೊತ್ತ ಮೇಲ್‌ನಲ್ಲಿದ್ದದ್ದಕ್ಕಿಂತ ಎಷ್ಟೋ ಕಮ್ಮಿ. ಇದನ್ನು ಮೊದಲೇ ನೋಡದೆ ಸಹಿ ಹಾಕಿದವರು ನನ್ನ ಜೊತೆಯಲ್ಲೇ ಇದ್ದಾರೆ.

ಕಂಪನಿಗೆ ಪ್ರಶ್ನೆಗಳನ್ನು ಮೇಲ್‌ನಲ್ಲೇ ಕೇಳಿದೆ, ಫೋನಿನಲ್ಲಿ ಅಲ್ಲ. ಕಮಾಂಡರ್ ಕೆಲಸ ಬಿಡಬೇಕಾದರೆ ಒಂದು ವರ್ಷದ ನೋಟಿಸ್ ಕೊಡಬೇಕು ಅಂತ 2017ರ ನಿಯಮ ಇತ್ತು. ಅದನ್ನು ಬಿಡುತ್ತೀರಾ? ಬೇರೆ ಕಡೆ ಹಾರಲು ನಿರಾಕ್ಷೇಪಣಾ ಪತ್ರ ಕೊಡುತ್ತೀರಾ? ದುಡ್ಡು ಒಂದೇ ಕಂತಾ? ಎರಡಕ್ಕೆ ತಕ್ಷಣ ಉತ್ತರ ಬಂತು. ಕಂತಿನ ವಿಷಯಕ್ಕೆ ಮೂರು ಸಲ ನೆನಪಿಸಬೇಕಾಯಿತು. ಕೊನೆಗೆ ಮೂರು ಕಂತು ಅಂದರು. 19ನೇ ದಿನ ಒಪ್ಪಿಗೆ ಕಳಿಸಿದೆ.

ಒಂದನ್ನು ಮಾತ್ರ ಕೇಳಲು ಮರೆತೆ, ಅದಕ್ಕೆ ದಂಡ ಕಟ್ಟಿದೆ. ಕಂಪನಿಯ ಗುಂಪು ಆರೋಗ್ಯ ವಿಮೆ ಕೊನೆಯ ಕೆಲಸದ ದಿನಕ್ಕೇ ಮುಗಿಯಿತು. ನಾನು ಆರಾಮಾಗಿ ಎರಡು ತಿಂಗಳು ಬಿಟ್ಟು ಮಾಡಿಸೋಣ ಅಂತಿದ್ದೆ. ಆ ನಡುವೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆ ಖರ್ಚು ಪೂರ್ತಿ ಕೈಯಿಂದಲೇ. ನನ್ನ ವಿಮೆಗೂ ಬಿಪಿ ಇದೆ ಅಂತ ಕಾಯುವ ಅವಧಿ ಹಾಕಿದರು. ಕೆಲಸದಲ್ಲಿ ಇದ್ದಾಗಲೇ ಬೇರೆ ಪಾಲಿಸಿ ಮಾಡಿಸಿಟ್ಟಿದ್ದರೆ ಆಗುತ್ತಿತ್ತು. 30 ವರ್ಷ ಚೆಕ್‌ಲಿಸ್ಟ್ ಓದಿದವನು ಇಷ್ಟು ದೊಡ್ಡ ಸಾಲು ಬಿಟ್ಟುಬಿಟ್ಟೆ ಅಂತ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಮುಂದಿನ ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಕಲಿತೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು. ತಿರುಗುಮುರುಗು ಆಗಬಾರದು. ಆಮೇಲೆ ತಿಕ್ಕಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದು ನೋಡಬೇಕು. ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ. ಮೊದಲ ಸಲ ಕತ್ತಿ ತಾಮ್ರದ ಹಾಗೆ ಕೆಂಪಾಗಿ ಬಂತು. "ಇದ್ನ ಹೊಡೆದ್ರೆ ಸಿಂಗಾರ ಸುಟ್ಟೇ ಹೋಗ್ತದೆ ಅಯ್ಯಾ" ಅಂದ ಅಡಿಕೆ ಮರ ಹತ್ತುವ ಕೊನೆಗಾರ, ನಗು ತಡೆದುಕೊಂಡು. ಮನೆ ತುಂಬ ಜನ ಕ್ಯಾಪ್ಟನ್ ಅನ್ನುತ್ತಾರೆ, ಅವನೊಬ್ಬ ಅನ್ನುವುದಿಲ್ಲ.

2023ರಲ್ಲಿ ಎಲ್ಲ ತಲೆಕೆಳಗಾಯಿತು. ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಆರ್ಡರ್ ಮಾಡಿದವು. ಪೈಲಟ್ ಬೇಕು ಅಂತ ಎಲ್ಲ ಕಡೆ ಕೂಗು. ಕಂಪನಿಯಲ್ಲೇ ಉಳಿದವರಲ್ಲಿ ಒಬ್ಬ ಇನ್ನೂ ಹಾರುತ್ತಿದ್ದಾನೆ, ನನ್ನ ಪುಸ್ತಕದ 65ರ ಸಾಲು ಅವನ ಪಾಲಿಗೆ ನಿಜವಾಯಿತು. ಇನ್ನೊಬ್ಬ ಹದಿನಾಲ್ಕು ತಿಂಗಳಿಗೇ ಮೆಡಿಕಲ್‌ನಲ್ಲಿ ನಿಂತ, ಅವನಿಗೆ ಆ ಕೊಡುಗೆಯೂ ಇಲ್ಲ. ಮೊದಲನೆಯವನ ಸಂಬಳ ಕೇಳಿದಾಗ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು. ನನಗೂ ಫೋನ್ ಬಂದಿತ್ತು. ವಾಪಸ್ ಹೋಗಬೇಕಾದರೆ ಮೆಡಿಕಲ್, ಸಿಮ್ಯುಲೇಟರ್, ಆಮೇಲೆ ಸೀನಿಯಾರಿಟಿ ಪಟ್ಟಿಯ ತಳದಿಂದ ಶುರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು ಒಳ್ಳೊಳ್ಳೆ ಡ್ಯೂಟಿ ಆರಿಸಿಕೊಂಡ ಮೇಲೆ ಉಳಿದದ್ದು ನನಗೆ. ಬೇಡ ಅಂದೆ. ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ.

ಅದೇ ವರ್ಷ ಆಗಸ್ಟ್ 31ಕ್ಕೆ ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣಕ್ಕೆ ಬೆಂಗಳೂರಿಂದ ವಿಮಾನ ಶುರುವಾಯಿತು. 3,200 ಮೀಟರ್ ರನ್‌ವೇ, ದೊಡ್ಡ ವಿಮಾನಗಳೂ ಇಳಿಯಬಹುದು. ನಾನು ಹಾರುತ್ತಿದ್ದಷ್ಟು ವರ್ಷವೂ ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು ಹಿಡಿದೇ ಊರಿಗೆ ಬಂದವನು. ಬಿಟ್ಟ ಮೇಲೆ ಮನೆ ಬಾಗಿಲಿಗೆ ವಿಮಾನ ಬಂತು ನೋಡಿ.

ಒಂದು ಮಳೆಗಾಲ ಅದರಲ್ಲಿ ಬರುತ್ತಿದ್ದೆ. ಎಟಿಆರ್ ಅನ್ನುವ ಸಣ್ಣ ವಿಮಾನ, ಕಿಟಕಿ ಪಕ್ಕದ ಸೀಟು. ಕೆಳಗೆ ಬರೀ ಬಿಳಿ. ಚಕ್ರ ಇಳಿದ ಸದ್ದಾಯಿತು, ನೆಲ ಕಾಣಲಿಲ್ಲ. ಇಷ್ಟು ಹೊತ್ತಿಗೆ ಕಾಣಬೇಕಿತ್ತು ಅಂದುಕೊಳ್ಳುವಷ್ಟರಲ್ಲಿ ಎಂಜಿನ್ ಸದ್ದು ಏರಿತು, ಮೂತಿ ಮೇಲಾಯಿತು. ಪಕ್ಕದಲ್ಲಿದ್ದ ಅಜ್ಜಿ ನನ್ನ ತೋಳು ಗಟ್ಟಿ ಹಿಡಿದುಕೊಂಡರು. "ಎಂತ ಆತಾ ತಮ್ಮಾ?"

"ಏನೂ ಆಗಿಲ್ಲ ಅಮ್ಮಾ. ನೆಲ ಕಾಣ್ಲಿಲ್ಲ, ಅದಕ್ಕೇ ಮೇಲೆ ಹೋದ್ರು. ಇನ್ನೊಂದು ಸಲ ಬರ್ತಾರೆ."

ಹೇಳುತ್ತಾ ಕೆಳಗೆ ನೋಡಿದೆ. ನನ್ನ ಬಲಗೈ ಮೊಣಕಾಲ ಮೇಲೆ ಮುಷ್ಟಿ ಕಟ್ಟಿಕೊಂಡು ಪೂರ್ತಿ ಮುಂದಕ್ಕೆ ಸರಿದಿತ್ತು. ಎಡಗಡೆ ಸೀಟಿನಲ್ಲಿ ಕೂತವನ ಬಲಗೈ ಇರುವುದು ಎಂಜಿನ್ ಬಲ ಏರಿಸುವ ಥ್ರಸ್ಟ್ ಲಿವರ್ ಮೇಲೆ. ಎರಡನೇ ಸಲ ಮೋಡದ ಸಂದಿಯಲ್ಲಿ ಗದ್ದೆ ಕಂಡವು, ಚಕ್ರ ನೆಲ ಮುಟ್ಟಿತು. ಕೈ ತೆಗೆದು ಅಜ್ಜಿಯ ಚೀಲ ಇಳಿಸಿಕೊಟ್ಟೆ.