ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ: ಕಡಲಂಚಿನಲ್ಲಿ ಒಂದು ದಿನದ ಸೈಕಲ್ ಸವಾರಿ

ಕಳೆದ ತಿಂಗಳು ಕಡಲಂಚಿನ ದಾರಿಯಲ್ಲಿ 92 ಕಿಮೀ ಮುಗಿಸಿ, ಸಂಜೆ ನಾಲ್ಕಕ್ಕೆ ಸೈಕಲ್ ಗೋಡೆಗೆ ಒರಗಿಸಿದೆ. ಕಾಲಲ್ಲಿ ಇನ್ನೂ ಕಸುವಿತ್ತು. ಎರಡು ವರ್ಷದ ಹಿಂದೆ ಇದೇ ದಾರಿಯಲ್ಲಿ ಕೊನೆಯ ಹತ್ತು ಹನ್ನೊಂದು ಕಿಮೀ ಕತ್ತಲಲ್ಲಿ ತಳ್ಳಿಕೊಂಡು ಬಂದಿದ್ದೆ. ಈಗಲೂ ಸೈಕಲ್ ಹೆಚ್ಚುಕಡಿಮೆ ಅಂಥದ್ದೇ. ಹೊರಡುವ ಹೊತ್ತು ಮತ್ತು ಹೋಗುವ ದಿಕ್ಕು ಎರಡನ್ನೂ ಬದಲಿಸಿದ್ದೇನೆ, ಅಷ್ಟೇ.

‘ಕಡಲ ಗಾಳಿ ಪಕ್ಕದಿಂದ ಬರುತ್ತೆ ಕಣೋ, ಯಾವ ಕಡೆ ಹೋದರೇನು?’ ಅಂತ ಜೊತೆಯವರು ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಆ ಮೊದಲ ಸಲ ಎಂಟಕ್ಕೆ ಹೊರಟು, ಗಾಳಿಯೇ ಇಲ್ಲದ ಬೆಳಿಗ್ಗೆ ಸುಖವಾಗಿ ದೂರ ಹೋಗಿಬಿಟ್ಟೆ. ಎರಡು ಗಂಟೆಗೆ ತಿರುಗಿದೆ ನೋಡಿ, ವೇಗ ಗಂಟೆಗೆ 11 ಕಿಮೀಗೆ ಇಳಿಯಿತು. ಸಣ್ಣ ಗೇರಿನಲ್ಲಿ ತುಳಿದರೂ ಅಷ್ಟೇ. ಗಾಳಿ ಪಕ್ಕದಿಂದ ಬರುತ್ತಿರಲಿಲ್ಲ, ಓರೆಯಾಗಿ ಎದೆಗೇ ಹೊಡೆಯುತ್ತಿತ್ತು.

ಆಮೇಲೆ ಹ್ಯಾಂಡಲ್ ಮಧ್ಯಕ್ಕೆ ಒಂದು ಗೇಣು ಕೆಂಪು ಉಣ್ಣೆ ದಾರ ಕಟ್ಟಿದೆ. ಸೈಕಲ್ ನಿಲ್ಲಿಸಿ, ಅರ್ಧ ಗಂಟೆಗೊಮ್ಮೆ ದಾರ ಯಾವ ಕಡೆ ಹಾರುತ್ತೆ ಅಂತ ಬರೆದುಕೊಂಡೆ. ಏಳೆಂಟು ಸವಾರಿ ಇದನ್ನೇ ಮಾಡಿದೆ. ಬೆಳಿಗ್ಗೆ ಒಂಬತ್ತರವರೆಗೆ ದಾರ ಸುಮ್ನೆ ಜೋತು ಬಿದ್ದಿರುತ್ತಿತ್ತು. ಹನ್ನೊಂದರ ಹೊತ್ತಿಗೆ ಕಡಲಿನಿಂದ ನೇರ ಒಳನಾಡಿನ ಕಡೆ ಹಾರುತ್ತಿತ್ತು. ಎರಡು ಗಂಟೆಯ ಮೇಲೆ ನಿಧಾನಕ್ಕೆ ವಾಲಿ ದಡದ ಉದ್ದಕ್ಕೆ ಹಾರತೊಡಗುತ್ತಿತ್ತು. ಭೂಮಿ ತಿರುಗುವುದರಿಂದ ಆಗುವ ಓರೆ ಇದು. ಕಡಲಿಗೆ ಬೆನ್ನು ಹಾಕಿ ನಿಲ್ಲಿ. ಭೂಮಧ್ಯರೇಖೆಯ ಉತ್ತರಕ್ಕಿದ್ದರೆ ಸಂಜೆಯ ಕಡಲ ಗಾಳಿ ನಿಮ್ಮ ಬಲಕ್ಕೆ ಹೊರಳುತ್ತದೆ, ದಕ್ಷಿಣಕ್ಕಿದ್ದರೆ ಎಡಕ್ಕೆ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಈ ಹೊರಳು ಕಡಿಮೆ. ನಾನಿರೋದು ಉತ್ತರದಲ್ಲಿ. ಹಾಗಾಗಿ ವಾಪಸ್ ಬರುವಾಗ ಗಾಳಿ ಬೆನ್ನಿಗೆ ಸಿಗಲಿ ಅಂತ ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ. ಮೋಡ ಮುಚ್ಚಿದ ದಿನ, ಮಳೆಗಾಳಿ ಬೀಸುವ ದಿನ ಈ ಲೆಕ್ಕ ಹಿಡಿಯಬೇಡಿ. ಬಿಸಿಲು ನೆಲ ಕಾಯಿಸಿದರೆ ಮಾತ್ರ ಇದು ನಡೆಯುತ್ತದೆ.

ಗಾಳಿ ಅರ್ಧ ಲೆಕ್ಕ, ಕಡಲ ನೀರಿನ ಇಳಿತ ಇನ್ನರ್ಧ. ನನ್ನ ದಾರಿಯಲ್ಲಿ 28ನೇ ಕಿಮೀಯಿಂದ ಸುಮಾರು ಏಳು ಕಿಮೀ ಕಚ್ಚಾ ದಾರಿ, ತುಂಬಾ ಹಾಳಾಗಿದೆ. ಅಲ್ಲಿ ಇಳಿತದ ಹೊತ್ತಿಗೆ ಹಸಿ ಮರಳು ಗಟ್ಟಿಯಾಗಿ, ಅಗಲವಾಗಿ ಸಿಗುತ್ತದೆ. ಅದರ ಮೇಲೆ ಟಾರು ರಸ್ತೆಯ ಹಾಗೆ ಹೋಗಬಹುದು. ಆದರೆ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ರಜೆ ಸಿಕ್ಕ ದಿನ ಹೊರಟುಬಿಡೋದು ನನ್ನ ದೊಡ್ಡ ತಪ್ಪಾಗಿತ್ತು. ಒಂದು ಸಲ ಅಷ್ಟಮಿಯ ದಿನ ಹೋದೆ. ಬೆಳಿಗ್ಗೆ ಏಳಕ್ಕೆ ನೀರು ಮೇಲಿತ್ತು. ಉಳಿದಿದ್ದು ಒಣ ಮರಳು ಮಾತ್ರ, ಚಕ್ರ ಹಿಮ್ಮಡಿಯಷ್ಟು ಆಳಕ್ಕೆ ಹೂತುಹೋಯಿತು.

ಒಂದು ವಿಷಯ ತುಂಬ ಜನ ಗಮನಿಸಿಲ್ಲ. ಒಂದೇ ಜಾಗದಲ್ಲಿ ಹುಣ್ಣಿಮೆ ಮತ್ತು ಅಮಾವಾಸ್ಯೆಯ ದೊಡ್ಡ ಇಳಿತ ಹೆಚ್ಚುಕಡಿಮೆ ಒಂದೇ ಗಂಟೆಗೆ ಬೀಳುತ್ತದೆ. ನನ್ನ ಮರಳಿನ ತುಂಡಿನಲ್ಲಿ ಅದು ಬೆಳಿಗ್ಗೆ ಏಳೂವರೆಯ ಆಸುಪಾಸು. ಹಾಗಾಗಿ ಈಗ ತಿಂಗಳಿಗೆ ಎರಡೇ ಅವಕಾಶ ಅಂತ ಇಟ್ಟುಕೊಂಡಿದ್ದೇನೆ: ಹುಣ್ಣಿಮೆ ಸುತ್ತಿನ ಎರಡು ದಿನ, ಅಮಾವಾಸ್ಯೆ ಸುತ್ತಿನ ಎರಡು ದಿನ. ನಿಮ್ಮ ದಡದಲ್ಲಿ ಆ ಗಂಟೆ ಬೇರೆ ಇರುತ್ತದೆ. ಒಂದು ಸಲ ಹೋಗಿ ನೋಡಿಕೊಂಡರೆ ಸಾಕು.

ಈಗಿನ ಕ್ರಮ ಹೀಗೆ. ಐದಕ್ಕೆ ಹೊರಡ್ತೇನೆ. ಆರೂ ಮುಕ್ಕಾಲಿಗೆ ಮರಳು. ಅಲ್ಲಿ ಟೈರಿನ ಗಾಳಿಯೊತ್ತಡ 45ರಿಂದ 28 ಪಿಎಸ್‌ಐಗೆ ಇಳಿಸ್ತೇನೆ (ನನ್ನದು 40 ಮಿಮೀ ಟೈರ್), ದಾಟಿದ ಮೇಲೆ ಮತ್ತೆ ಪಂಪ್. ಎಂಟೂವರೆಗೆ ಕೊನೆ ಮುಟ್ಟಿರ್ತೇನೆ. ಆಮೇಲೆ ಐದು ಗಂಟೆ ನೆರಳಲ್ಲಿ. ಜೊತೆಯವರಿಗೆ ಇದೇ ಸರಿ ಕಾಣಲಿಲ್ಲ. ‘ಎಂಟೂವರೆಗೆ ಮುಟ್ಟಿದವನು ಹನ್ನೆರಡಕ್ಕೆ ಮನೆಯಲ್ಲಿರಬಹುದಲ್ವಾ?’ ಅಂದರು. ಇರಬಹುದು. ಆದರೆ ಆ ಐದು ಗಂಟೆ ಕಡಲ ಮುಂದೆ ಕೂರೋದಕ್ಕೇ ನಾನು ಹೋಗೋದು. ಒಂದೂ ಮುಕ್ಕಾಲಿಗೆ ಎದ್ದು, ಮರಳು ಬಿಟ್ಟು ಒಳಗಿನ ರಸ್ತೆ ಹಿಡಿದು ವಾಪಸ್. ಎರಡು ಕಿಮೀ ಜಾಸ್ತಿ, ಆದರೂ ಸರಾಸರಿ 21 ಬಂತು. ಹೋಗುವಾಗ 13 ದಾಟಿರಲಿಲ್ಲ.

ಇನ್ನು ದುಡ್ಡಿನ ಕಥೆ. ಈ ಹವ್ಯಾಸದಲ್ಲಿ ದುಡ್ಡು ತಿನ್ನೋದು ಉಪ್ಪು. ಮೊದಲ ವರ್ಷ ಮೂರು ಚೈನ್, ಒಂದು ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗುಚ್ಛ) ಹೋದವು. ರಾತ್ರಿ ಸುಸ್ತಾಗಿ ಹಾಗೇ ಬಿಟ್ಟ ಚೈನ್ ಬೆಳಿಗ್ಗೆ ಮುಟ್ಟಿದರೆ, ಕೊಂಡಿ ಕೊಂಡಿಗೂ ಬಿಳಿ ಹರಳು, ಅದರಡಿ ಕಿತ್ತಳೆ ತುಕ್ಕು. ಪೆಡಲ್ ತಿರುಗಿಸಿದರೆ ಕರಕರ ಶಬ್ದ. ಎಣ್ಣೆ ಜಾಸ್ತಿ ಹಾಕಿದೆ, ಮರಳು ಅಂಟಿಕೊಂಡು ಅರದ ಹಾಗೆ ಉಜ್ಜಿತು. ರಭಸದ ನೀರು ಬಿಟ್ಟು ತೊಳೆಸಿದೆ, ಉಪ್ಪು ನೀರು ಬೇರಿಂಗಿನೊಳಗೇ ಹೋಯಿತು. ಎಲ್ಲಕ್ಕಿಂತ ದೊಡ್ಡ ನಷ್ಟ ಸೀಟ್ ಪೋಸ್ಟಿನದು, ಅಂದರೆ ಸೀಟು ಹೊರುವ ಕೊಳವೆಯದು. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್, ನಡುವೆ ಗ್ರೀಸ್ ಇರಲಿಲ್ಲ. ಉಪ್ಪು ನೀರಿಗೆ ಎರಡೂ ಕಚ್ಚಿಕೊಂಡವು. ಬಿಚ್ಚಲು ಕೊಟ್ಟ ಕಡೆ ಫ್ರೇಮೇ ಬಿರುಕು ಬಿಟ್ಟಿತು. ಹೊಸ ಫ್ರೇಮಿಗೆ ಅರ್ಧ ಸೈಕಲ್ಲಿನ ದುಡ್ಡು ಹೋಯಿತು. ಒಂದು ಬೆರಳು ಗ್ರೀಸ್ ಹಚ್ಚಿದ್ದರೆ ಉಳಿಯುತ್ತಿತ್ತು. ಈಗ ಎರಡು ತಿಂಗಳಿಗೊಮ್ಮೆ ಪೋಸ್ಟ್ ಎಳೆದು, ಒರೆಸಿ, ಹೊಸ ಗ್ರೀಸ್ ಹಚ್ಚದೆ ಬಿಡಲ್ಲ.

ಚೈನಿಗೆ ಕರಗಿಸಿದ ಮೇಣ ಹಿಡಿಸಿತು. ಎರಡು ಚೈನ್ ಇಟ್ಟುಕೊಂಡು ಒಂದಕ್ಕೆ ಮೇಣ, ಒಂದಕ್ಕೆ ಎಣ್ಣೆ ಹಾಕಿ ಮೂರು ತಿಂಗಳು ಅದಲು ಬದಲು ಓಡಿಸಿ ನೋಡಿದೆ. ಮೇಣದ್ದಕ್ಕೆ ಮರಳು ಅಂಟಲೇ ಇಲ್ಲ. ಆದರೆ ಒದ್ದೆಯಾದರೆ ಎಣ್ಣೆಯದಕ್ಕಿಂತ ಬೇಗ ತುಕ್ಕು. ಮೇಣದ ಜೊತೆ ಇನ್ನೊಂದು ವಸ್ತು ಚಿಟಿಕೆಯಷ್ಟು ಬೆರೆಸಿದ ಮೇಲೆ ಅದೂ ನಿಂತಿತು. ಯಾವುದು ಅಂತ ಸದ್ಯಕ್ಕೆ ಹೇಳಲ್ಲ, ಇನ್ನೊಂದು ಮಳೆಗಾಲ ನೋಡಬೇಕು. ಮನೆಗೆ ಬಂದ ಕೂಡಲೇ ಎರಡು ಬಕೆಟ್ ಸಿಹಿನೀರು ಮೆಲ್ಲಗೆ ಸುರಿಯೋದು, ಬಟ್ಟೆಯಲ್ಲಿ ಒರೆಸೋದು. ಸ್ನಾನ ಆಮೇಲೆ. ಈ ವರ್ಷ ಇಲ್ಲಿಯವರೆಗೆ ಒಂದೇ ಚೈನ್ ಬದಲಿಸಿದ್ದು.

ನಡುವೆ ದಪ್ಪ ಟೈರಿನ ಸೈಕಲ್ ಒಂದನ್ನು ಎರವಲು ತಂದು ಒಣ ಮರಳಿನ ಮೇಲೂ ಓಡಿಸಿ ನೋಡಿದೆ. ಮರಳು ದಾಟಿತು, ಟಾರಿನ ಮೇಲೆ ಕಾಲು ಹಿಂಡಿತು. ವಾಪಸ್ ಕೊಟ್ಟೆ.

‘ಒಂದು ಸಲ ಅದೃಷ್ಟ’ ಅಂದವರನ್ನು ಅಮಾವಾಸ್ಯೆಯ ಮರುದಿನ ಕರೆದುಕೊಂಡು ಹೋದೆ. ನಾಲ್ಕು ಜನ. ವಾಪಸ್ ಬರುವಾಗ ಮಧ್ಯದಲ್ಲಿ ಒಬ್ಬರು ಪೆಡಲ್ ನಿಲ್ಲಿಸಿ, ಗಾಳಿ ತಳ್ಳಿದ ಹಾಗೆ ಸುಮಾರು ದೂರ ಹಾಗೇ ಸಾಗಿದರು. ಮಾರನೆಯ ದಿನ ಅವರ ಹ್ಯಾಂಡಲ್ಲಿಗೂ ಕೆಂಪು ದಾರ ಬಂದಿತ್ತು. ಮುಂದಿನ ಹುಣ್ಣಿಮೆಗೆ 110 ಹಾಕಿಕೊಂಡಿದ್ದೇವೆ, ಇನ್ನೊಂದು ಮರಳಿನ ತುಂಡು ಸೇರಿಸಿ. ಅದರ ಇಳಿತದ ಗಂಟೆ ನೋಡಿಕೊಂಡು ಬರಲು ಈ ಭಾನುವಾರ ನಾನೊಬ್ಬನೇ ಹೋಗ್ತಿದ್ದೇನೆ.