ಆಪರೇಷನ್‌ಗೆ ಮುಂಚೆಯೇ ಶುರು ಮಾಡಿ

ಪ್ರಾಸ್ಟೇಟ್ (ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ) ಆಪರೇಷನ್‌ಗೆ ತಾರೀಖು ಗೊತ್ತಾಯಿತಾ? ಹಾಗಾದರೆ ಡಾಕ್ಟರನ್ನು ಒಂದು ಮಾತು ಕೇಳಿ, ಆಮೇಲೆ ಮೂತ್ರ ಸೋರುವುದು ಕಡಿಮೆಯಾಗಲಿ ಅಂತ ಮಾಡುವ ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಈಗಲೇ ಶುರು ಮಾಡಿ. ಆಪರೇಷನ್ ಆಗಿ ನೋವು, ಊತ ಎಲ್ಲ ಇರುವಾಗ ಆ ಸ್ನಾಯು ಎಲ್ಲಿದೆ ಅಂತ ಹುಡುಕುವುದು ಕಷ್ಟ.

ಮೂತ್ರ ತಡೆಯುವ ಸ್ನಾಯು ಎರಡು ಕಡೆ ಇರುತ್ತದೆ. ಮೂತ್ರಚೀಲದ ಬಾಯಿಯಲ್ಲಿರುವುದು ತಾನಾಗಿ ಕೆಲಸ ಮಾಡುತ್ತದೆ, ಪ್ರಾಸ್ಟೇಟ್ ತೆಗೆಯುವಾಗ ಪೆಟ್ಟು ಬೀಳುವುದು ಅದಕ್ಕೇ. ಆಮೇಲೆ ಹೊರೆಯೆಲ್ಲ ಕೆಳಗಿನದರ ಮೇಲೆ. ಅದು ನಾವು ಹೇಳಿದಂತೆ ಕೇಳುತ್ತದೆ, ಪುಣ್ಯಕ್ಕೆ.

ಅದನ್ನು ಗುರುತಿಸುವುದು ಹೇಗೆ? ನಾಲ್ಕು ಜನರ ನಡುವೆ ಕೂತಾಗ ಹೂಸು ಬಂದರೆ ತಡೆಯುತ್ತೀರಲ್ಲ, ಹಾಗೆ ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಿ, ಜೊತೆಗೇ ಮುಂದೆ ಮೂತ್ರ ತಡೆಯುವ ಹಾಗೆ ಬಿಗಿ ಮಾಡಿ. ಗಂಡಸರು ಕನ್ನಡಿ ಮುಂದೆ ನಿಂತರೆ ಶಿಶ್ನದ ಬುಡ ಚೂರು ಒಳಕ್ಕೆ ಹೋಗುವುದು, ಬೀಜ ಮೇಲಕ್ಕೇರುವುದು ಕಾಣುತ್ತದೆ. ನಾಚಿಕೆ ಬಿಟ್ಟು ನೋಡಿ. ತೊಡೆ, ಕುಂಡಿ, ಹೊಟ್ಟೆ ಬಿಗಿಯಾದರೆ ಲೆಕ್ಕಕ್ಕಿಲ್ಲ. ಉಸಿರು ಕಟ್ಟಬೇಡಿ. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿ ಆಡುತ್ತದೆ.

ಮೊದಲು 3 ಸೆಕೆಂಡ್ ಹಿಡಿದರೆ ಸಾಕು, ವಾರಗಳು ಕಳೆದಂತೆ 10ರವರೆಗೆ ಹೋಗಬಹುದು. ಎಷ್ಟು ಹೊತ್ತು ಹಿಡಿದಿರೋ ಅಷ್ಟು ಹೊತ್ತು ಪೂರ್ತಿ ಸಡಿಲ ಬಿಡಿ, ಎಲ್ಲರೂ ಮರೆಯುವುದು ಇದನ್ನೇ. ಹೀಗೆ 10 ಸಲ, ದಿನಕ್ಕೆ 3 ಹೊತ್ತು, ಕೊನೆಗೆ ಒಂದಷ್ಟು ಚಕಚಕ ಅಂತ ಬಿಗಿಮಾಡಿ ಬಿಡುವುದು. ಬೇಗ ವಾಸಿಯಾಗಲಿ ಅಂತ ದಿನವಿಡೀ ಹಿಂಡುತ್ತಾ ಕೂತರೆ ಸ್ನಾಯು ಸುಸ್ತಾಗಿ ಇನ್ನೂ ಜಾಸ್ತಿ ಸೋರುತ್ತದೆ. ಒಂದಕ್ಕೆ ಹೋದಾಗ ಮಧ್ಯೆ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡುವುದೂ ಬೇಡ, ಮೂತ್ರಚೀಲ ಪೂರ್ತಿ ಖಾಲಿಯಾಗದೇ ಹೋಗಬಹುದು.

ಆಪರೇಷನ್ ಆದಮೇಲೆ ಮೂತ್ರದ ಟ್ಯೂಬ್ ಇರುವಷ್ಟು ದಿನ ಇದನ್ನು ಮುಟ್ಟಲೇಬೇಡಿ. ಟ್ಯೂಬ್ ತೆಗೆದು, ಡಾಕ್ಟರ್ ಹೂಂ ಅಂದ ಮೇಲೆ ಮತ್ತೆ ಶುರು. ಕೆಮ್ಮು, ಸೀನು ಬರುವ ಮುಂಚೆ, ಕುರ್ಚಿಯಿಂದ ಏಳುವ ಮುಂಚೆ, ಭಾರ ಎತ್ತುವ ಮುಂಚೆ ಒಂದು ಸಲ ಬಿಗಿಮಾಡಿಕೊಳ್ಳಿ. ನನ್ನ ಕೇಳಿದರೆ ಹಾಸಿಗೆ ಮೇಲೆ ಮಲಗಿ ಎಣಿಸುವುದಕ್ಕಿಂತ ಇದರ ಉಪಯೋಗವೇ ಬೇಗ ಗೊತ್ತಾಗುವುದು.

ಬೆಳಿಗ್ಗೆ ಸರಿ ಇದ್ದು ಸಂಜೆ ಸೋರಿದರೆ ಗಾಬರಿ ಬೇಡ, ದಿನವೆಲ್ಲ ದುಡಿದ ಸ್ನಾಯು ದಣಿದಿರುತ್ತದೆ. ಸುಮ್ನೆ ಪ್ಯಾಡ್ ಹಾಕಿಕೊಳ್ಳಿ. ಸೋರುತ್ತದೆ ಅಂತ ನೀರು ಕುಡಿಯುವುದು ಬಿಡಬೇಡಿ, ಮೂತ್ರ ಗಟ್ಟಿಯಾದರೆ ಮೂತ್ರಚೀಲಕ್ಕೆ ಇನ್ನೂ ಕಿರಿಕಿರಿ. ಕಡಿಮೆ ಮಾಡಬೇಕಾದ್ದು ಕಾಫಿ, ಟೀ. ಮಲಬದ್ಧತೆಯೂ ಆಗಬಾರದು, ಮುಕ್ಕಿದಷ್ಟೂ ಕೆಳಗೆ ಒತ್ತಡ.

ಗರ್ಭಕೋಶದ ಆಪರೇಷನ್ ಆದ ಹೆಂಗಸರಿಗೂ ಇದೇ ವ್ಯಾಯಾಮ, ಯಾವಾಗ ಶುರು ಅನ್ನುವುದನ್ನು ಮಾತ್ರ ಅವರವರ ಡಾಕ್ಟರ್ ಹೇಳಬೇಕು.

ಜ್ವರ ಬಂದರೆ, ಮೂತ್ರವೇ ಕಟ್ಟಿಕೊಂಡರೆ, ಮೂತ್ರದಲ್ಲಿ ಹೆಪ್ಪುಗಟ್ಟಿದ ರಕ್ತ ಬಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಬರೀ ಸೋರುವುದಾದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಮೂರು ತಿಂಗಳು ಬಿಡದೆ ಮಾಡಿಯೂ ಏನೂ ವ್ಯತ್ಯಾಸ ಕಾಣದಿದ್ದರೆ ಈ ಸ್ನಾಯುಗಳ ಬಗ್ಗೆಯೇ ಕಲಿತಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ, ಬಿಗಿ ಮಾಡುತ್ತಿರುವುದು ಸರಿಯಾದ ಜಾಗವನ್ನೇನಾ ಅಂತ ಅವರು ಪರೀಕ್ಷೆ ಮಾಡಿ ಹೇಳುತ್ತಾರೆ.