ರೇಡ್ ಬಿಟ್ಟು ಒಂದೇ ಡಿಸ್ಕ್ ಹಿಡಿದ ಎಲ್‌ವಿಎಂ

ಡೆಬಿಯನ್ ಲಿನಕ್ಸ್ 11ರಿಂದ 12ಕ್ಕೆ ಏರಿಸಿದ ಸರ್ವರ್. ಎರಡು ಡಿಸ್ಕ್‌ಗಳ ರೇಡ್ 1 (ಎರಡರಲ್ಲೂ ಒಂದೇ ಡೇಟಾ), ಅದರ ಮೇಲೆ ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ಎಲ್‌ವಿಎಂ. ಬೂಟ್ ಸಲೀಸಾಗಿಯೇ ಆಯಿತು. ಆದರೆ ರೇಡ್ ಸ್ಥಿತಿ ತೋರಿಸುವ /ಪ್ರಾಕ್/ಎಂಡಿಸ್ಟ್ಯಾಟ್ ಖಾಲಿ. ಎಲ್‌ವಿಎಂ ಬಳಸುವ ಡಿಸ್ಕ್ ಅಥವಾ ಪಾರ್ಟಿಶನ್ (ಪಿವಿ) ಪಟ್ಟಿ ಮಾಡುವ ಪಿವಿಎಸ್ ಕೊಟ್ಟರೆ, ರೇಡ್ ಆದ /ಡೆವ್/ಎಂಡಿ0 ಬದಲು ಒಂದೇ ಡಿಸ್ಕಿನ ಪಾರ್ಟಿಶನ್ /ಡೆವ್/ಎಸ್‌ಡಿಎ2.

ಅಪ್‌ಗ್ರೇಡ್ ಮುಗಿದ ಮೇಲೆ, ಬೇಡವಾದ ಪ್ಯಾಕೇಜ್ ತೆಗೆಯುವ ಆಟೋರಿಮೂವ್ ಕೊಟ್ಟಾಗ ಪಟ್ಟಿ ಓದದೆ ಒಪ್ಪಿದ್ದೆ. ರೇಡ್ ನಿಭಾಯಿಸುವ ಎಂಡಿಆಡಮ್ ಪ್ಯಾಕೇಜೂ ಹೋಗಿತ್ತು. ಅರೇ, ಅಂದರೆ ರೇಡ್‌ನ ಡಿಸ್ಕ್ ಗುಂಪು, ಜೋಡಿಸುವವರೇ ಇಲ್ಲ. ಈ ಅರೇಯ ಮೆಟಾಡೇಟಾ 1.0, ಅಂದರೆ ರೇಡ್‌ನ ಗುರುತಿರುವ ಸೂಪರ್‌ಬ್ಲಾಕ್ ಪಾರ್ಟಿಶನ್ನಿನ ಕೊನೆಯಲ್ಲಿರುತ್ತದೆ (0.90ರಲ್ಲೂ ಹಾಗೆಯೇ). ಆರಂಭದಲ್ಲಿ ನೇರವಾಗಿ ಪಿವಿ ಲೇಬಲ್ಲೇ ಸಿಗುವುದರಿಂದ ಮೊದಲು ಕಂಡ ಡಿಸ್ಕನ್ನೇ ಎಲ್‌ವಿಎಂ ಹಿಡಿದುಬಿಟ್ಟಿತು. ಎರಡೂ ಒಟ್ಟಿಗೆ ಕಂಡಿದ್ದರೆ ಡೂಪ್ಲಿಕೇಟ್ ಪಿವಿ ಎಂದು ತಕರಾರು ತೆಗೆದು ಬೂಟ್ ನಿಲ್ಲುತ್ತಿತ್ತು. ಅದೇ ವಾಸಿ. ಮೆಟಾಡೇಟಾ 1.2 ಆಗಿದ್ದರೆ ಈ ಗೊಂದಲವಿಲ್ಲ, ಎಲ್‌ವಿಎಂಗೆ ವಾಲ್ಯೂಮ್ ಗ್ರೂಪ್ (ಪಿವಿಗಳ ಗುಂಪು) ಕಾಣುವುದೇ ಇಲ್ಲ.

ಇಂಥ ಹೊತ್ತಲ್ಲಿ ಎಂಡಿಆಡಮ್ ಹಾಕಿ ಎರಡನ್ನೂ ಜೋಡಿಸಿಬಿಟ್ಟರೆ ಕೆಟ್ಟಿತು. ಎಲ್‌ವಿಎಂ ಬರೆದದ್ದು ರೇಡ್‌ನ ಬೆನ್ನ ಹಿಂದೆ. ಎಂಡಿಆಡಮ್ --ಎಕ್ಸಾಮಿನ್ ತೋರಿಸುವ ಈವೆಂಟ್ಸ್ ಎಣಿಕೆ (ಅರೇಯ ಬದಲಾವಣೆಗಳ ಲೆಕ್ಕ) ಎರಡರಲ್ಲೂ ಒಂದೇ, ಹಾಗಾಗಿ ಡಿಸ್ಕ್‌ಗಳನ್ನು ಸಮಗೊಳಿಸುವ ರೀಸಿಂಕ್ ಶುರುವಾಗುವುದಿಲ್ಲ. ಓದು ಮಾತ್ರ ಒಮ್ಮೆ ಹೊಸ ಡಿಸ್ಕಿನಿಂದ, ಒಮ್ಮೆ ಹಳತರಿಂದ, ಫೈಲ್‌ಸಿಸ್ಟಂ ಚಿಂದಿ.

ಸರ್ವರ್ ನಿಲ್ಲಿಸುವ ಮುಂಚೆಯೇ ಬ್ಯಾಕಪ್ ತೆಗೆದು, ಬಳಕೆಯಲ್ಲಿದ್ದ ಡಿಸ್ಕಿನ ಸೀರಿಯಲ್ ಸಂಖ್ಯೆ ಬರೆದುಕೊಂಡೆ. ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಲ್ಲಿರುವ ಲಿನಕ್ಸ್) ಬೂಟ್ ಮಾಡಿದಾಗ ಎಸ್‌ಡಿಎ, ಎಸ್‌ಡಿಬಿ ಹೆಸರು ಅದಲುಬದಲಾಗಬಹುದು. ಲೈವ್‌ನಲ್ಲಿ ಮೊದಲು ಎಲ್‌ವಿಎಂ ನಿಷ್ಕ್ರಿಯಗೊಳಿಸಲು ವಿಜಿಚೇಂಜ್ -ಎಎನ್, ತಾನಾಗಿ ಎದ್ದ ಅರೇ ಎಂಡಿ127 ಇದ್ದರೆ ಎಂಡಿಆಡಮ್ --ಸ್ಟಾಪ್. ಆಮೇಲೆ ಹೊಸ ಡೇಟಾ ಇರುವ ಡಿಸ್ಕ್ ಒಂದನ್ನೇ:

ಎಂಡಿಆಡಮ್ --ಅಸೆಂಬಲ್ --ರನ್ /ಡೆವ್/ಎಂಡಿ0 /ಡೆವ್/ಎಸ್‌ಡಿಎ2

ಎಲ್‌ವಿಎಂ ಮತ್ತೆ ಎಬ್ಬಿಸಲು ವಿಜಿಚೇಂಜ್ -ಎವೈ ಕೊಟ್ಟು ಪಿವಿಎಸ್‌ನಲ್ಲಿ ಎಂಡಿ0 ಬಂದಿದೆಯೇ ನೋಡಿ, ಫೈಲ್‌ಸಿಸ್ಟಂ ಪರೀಕ್ಷಿಸುವ ಇ2ಎಫ್‌ಎಸ್‌ಸಿಕೆ -ಎಫ್ ಓಡಿಸಿದೆ. ಅದು ಸರಿಯಾದ ಮೇಲಷ್ಟೇ ಎರಡನೆಯದಕ್ಕೆ ಕೈ ಹಾಕಿದ್ದು. ಹಾಗೇ ಸೇರಿಸಿದರೆ ಬಿಟ್‌ಮ್ಯಾಪ್ (ಬದಲಾದ ಭಾಗಗಳ ಗುರುತು) ನಂಬಿ ಕೆಲವೇ ಬ್ಲಾಕ್ ನಕಲಾಗುತ್ತವೆ, ಆದ್ದರಿಂದ ಎಸ್‌ಡಿಬಿ2ಗೆ ಹಳೆಯ ಗುರುತು ಅಳಿಸುವ --ಝೀರೋ-ಸೂಪರ್‌ಬ್ಲಾಕ್, ಅದರ ಬೆನ್ನಿಗೇ --ಆ್ಯಡ್. ನಡುವೆ ಬಿಡುವು ಕೊಟ್ಟರೆ ಎಲ್‌ವಿಎಂ ಮತ್ತೆ ಅದನ್ನು ಪಿವಿ ಎಂದುಕೊಳ್ಳುತ್ತದೆ. ಹೊಸ ಅರೇ ಸೃಷ್ಟಿಸುವ --ಕ್ರಿಯೇಟ್ ತಂಟೆಗೆ ಹೋಗಲೇಬೇಡಿ.

ಇನ್ನು ಸಿಸ್ಟಂ ಒಳಗಿನ ಕೆಲಸ. /ಡೆವ್, /ಪ್ರಾಕ್, /ಸಿಸ್ ಬೈಂಡ್ ಮಾಡಿ ಸಿಎಚ್‌ರೂಟ್ (ಲೈವ್‌ನಿಂದ ಸರ್ವರ್‌ನ ಸಿಸ್ಟಂ ಒಳಹೊಕ್ಕು), ಎಂಡಿಆಡಮ್ ಇನ್‌ಸ್ಟಾಲ್. --ಡೀಟೇಲ್ --ಸ್ಕ್ಯಾನ್ ಕೊಡುವ ಅರೇ ಸಾಲು ಎಂಡಿಆಡಮ್.ಕಾನ್ಫ್‌ಗೆ, ಹಳೆಯ ಸಾಲು ಅಳಿಸಬೇಕು. ಎಲ್‌ವಿಎಂ.ಕಾನ್ಫ್‌ನಲ್ಲಿ ಎಂಡಿ_ಕಾಂಪೊನೆಂಟ್_ಚೆಕ್ಸ್ ಅನ್ನು "ಫುಲ್" ಮಾಡಿದರೆ ಡಿಸ್ಕಿನ ಕೊನೆಯನ್ನೂ ಓದುತ್ತದೆ. ಕೊನೆಗೆ, ಬೂಟ್ ಆರಂಭದಲ್ಲಿ ಬಳಕೆಯಾಗುವ ಪುಟ್ಟ ಸಿಸ್ಟಂ (ಇನಿಟ್‌ರಾಮ್‌ಎಫ್‌ಎಸ್) ಹೊಸದಾಗಿಸಲು ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್. ರೀಬೂಟ್‌ಗೆ ಮೊದಲು ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಔಟ್‌ಪುಟ್‌ನಲ್ಲಿ ಎಂಡಿಆಡಮ್ ಇದೆಯೇ ಎಂದು ಗ್ರೆಪ್ ಮಾಡಿ ನೋಡಿದೆ, ಇತ್ತು.